ಎಡಕ್ಕೆ ವಾಲುವ ನಡಿಗೆ

ನಮ್ಮ ಮನೆಯಲ್ಲಿ ಬೂಟು ಚಪ್ಪಲಿಗಳನ್ನು ಬಾಗಿಲ ಕಡೆ ಮುಖ ಮಾಡಿಸಿ ಜೋಡಿಸಿಡುವುದು ಮಗಳು ಇಂಚರಳ ಕೆಲಸ. ಏಳು ವರ್ಷದ ಅವಳಿಗೆ ಈ ಶಿಸ್ತು ಕಲಿಸಿದ್ದು ಜಪಾನಿನ ಶಿಶುವಿಹಾರವೇ ಹೊರತು ನಾನಲ್ಲ. ನಾನು ಬಿಟ್ಟ ಚಪ್ಪಲಿ ಇವತ್ತಿಗೂ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಬಿದ್ದಿರುತ್ತದೆ. ಹಿಮ ಕರಗುತ್ತಿದ್ದ ಒಂದು ಬೆಳಿಗ್ಗೆ ಅವಳು ನನ್ನ ವಾಕಿಂಗ್ ಶೂಗಳನ್ನು ಜೋಡಿಸಲು ಕೂತಳು. ಎಷ್ಟು ಸಲ ನೆಟ್ಟಗೆ ನಿಲ್ಲಿಸಿದರೂ ಎಡಗಾಲಿನದು ಮೆಲ್ಲಗೆ ಹೊರಕ್ಕೆ ಒರಗಿಕೊಳ್ಳುತ್ತಿತ್ತು.

"ಅಮ್ಮಾ, ನಿನ್ನ ಶೂ ನೆತೇರು" ಎಂದಳು. ಶೂ ಮಲಗಿಕೊಂಡಿದೆ ಎಂದರ್ಥ.

ಎತ್ತಿ ನೋಡಿದೆ. ಕೊಂಡು ಮೂರು ತಿಂಗಳೂ ಆಗಿರಲಿಲ್ಲ. ಹಿಮ್ಮಡಿಯ ಹೊರ ಅಂಚು ಯಾರೋ ಓರೆಯಾಗಿ ಕೊಯ್ದಿಟ್ಟ ಸೌತೇಕಾಯಿಯ ಹಾಗೆ ಸವೆದಿತ್ತು. ನನಗೇನೂ ಆಶ್ಚರ್ಯವಾಗಲಿಲ್ಲ. ಚಪ್ಪಲಿಗೂ ನನಗೂ ಇರುವ ವೈರ ಹಳೆಯದು. ಕಡೂರಿನಲ್ಲಿ ನಾನು ಚಿಕ್ಕವಳಿದ್ದಾಗ ಅಮ್ಮ, "ಇವಳೇನು ಕಾಲಲ್ಲಿ ನಡೀತಾಳೋ, ಉಜ್ಜುಗೊರಡಲ್ಲಿ ನಡೀತಾಳೋ" ಎಂದು ಬೈಯುತ್ತ ವರ್ಷಕ್ಕೆ ಮೂರು ಜೊತೆ ಹವಾಯಿ ಚಪ್ಪಲಿ ಕೊಡಿಸುತ್ತಿದ್ದಳು. ಮೂರನೆಯ ಕ್ಲಾಸಿನಲ್ಲಿ ಡ್ರಿಲ್ ಮೇಷ್ಟ್ರು ನನ್ನನ್ನು ಮಾರ್ಚ್‌ಪಾಸ್ಟಿನ ಸಾಲಿನಿಂದ ತೆಗೆದು ಬಾವುಟದ ಕಂಬದ ಪಕ್ಕ ನಿಲ್ಲಿಸಿದರು. "ನೀನು ನಿಂತಿದ್ರೇ ಚೆಂದ" ಎಂದರು. ಅದನ್ನು ಹೊಗಳಿಕೆ ಎಂದುಕೊಂಡು ಮನೆಗೆ ಕುಣಿದುಕೊಂಡು ಬಂದವಳು ನಾನು. ಕಾಲೇಜಿನಲ್ಲಿ ಗೆಳತಿಯರು ಅರ್ಧ ಮೈಲಿ ದೂರದಿಂದಲೇ ನನ್ನ ನಡಿಗೆ ಗುರುತು ಹಿಡಿಯುತ್ತಿದ್ದರು. ಮದುವೆ ನಿಶ್ಚಯವಾದ ಮೇಲೆ ಪ್ರಕಾಶ್ ಕೂಡ, "ಎಷ್ಟು ಜನರ ಮಧ್ಯೆ ಇದ್ರೂ ನೀನು ಬರೋದು ಗೊತ್ತಾಗಿಬಿಡುತ್ತೆ" ಎಂದಿದ್ದ. ಅದು ಪ್ರೇಮವೆಂದು ನಂಬಿ ಹನ್ನೆರಡು ವರ್ಷ ಸಂಸಾರ ಮಾಡಿದ್ದೇನೆ.

ನಾವಿರುವ ನೋಮಿ ಗದ್ದೆಗಳ ನಡುವಿನ ಸಣ್ಣ ಊರು. ಪ್ರಕಾಶ್ ಬೆಟ್ಟದ ಮೇಲಿನ ವಿಶ್ವವಿದ್ಯಾಲಯದಲ್ಲಿ ಬ್ಯಾಟರಿಗಳ ಬಗ್ಗೆ ಸಂಶೋಧನೆ ಮಾಡುತ್ತಾನೆ. ಇಲ್ಲಿ ಎಲ್ಲರಿಗೂ ಕಾರೇ ಕಾಲು. ನಾನು ಮಾತ್ರ ಇಲ್ಲಿನ ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ, ಕೊನೆಗೆ ನಡೆಯುವುದೇ ನನ್ನ ಸಿದ್ಧಾಂತ ಎಂದು ಘೋಷಿಸಿಕೊಂಡಿದ್ದೇನೆ. ಸೂಪರ್‌ಮಾರ್ಕೆಟ್ಟಿಗೆ ನಡಿಗೆ, ಇಂಚರಳ ಶಾಲೆಗೆ ನಡಿಗೆ, ಕೊಂಬಿನಿ ಎಂಬ ಹಗಲಿರುಳು ತೆರೆದಿರುವ ಅಂಗಡಿಗೆ ಹಾಲು ತರಲೂ ನಡಿಗೆ. ಸಿಕ್ಕಿದವರಿಗೆಲ್ಲ ಅದರ ಬಗ್ಗೆ ಉಪದೇಶ ಬೇರೆ. ಹಾಗಾಗಿ ಒಂದು ದಿನ ಪ್ರಕಾಶ್ ಕ್ಯಾಂಪಸ್ಸಿನಿಂದ ಒಂದು ನೋಟೀಸು ತಂದು ಮೇಜಿನ ಮೇಲಿಟ್ಟಾಗ ನನಗೆ ಕೋಡು ಮೂಡಿತು. ನಡಿಗೆಯನ್ನು ಅಳೆಯುವ ಒಂದು ಲ್ಯಾಬಿಗೆ ಮೂವತ್ತೈದು ದಾಟಿದ, ಆರೋಗ್ಯವಂತ, ಚೆನ್ನಾಗಿ ನಡೆಯುವ ಮಹಿಳೆಯರು ಬೇಕಾಗಿದ್ದರು. ಬಂದವರಿಗೆ ಒಂದು ಪೆಟ್ಟಿಗೆ ಸಿಹಿತಿಂಡಿ.

"ನೀನು ಹೇಗೂ ನಡೀತಾನೇ ಇರ್ತೀಯಲ್ಲ, ಅಲ್ಲಿ ಹೋಗಿ ನಡಿ" ಎಂದ.

"ಚೆನ್ನಾಗಿ ನಡೆಯುವ ಅಂತ ಬರೆದಿದೆ ನೋಡು" ಎಂದು ಆ ಸಾಲಿಗೆ ಬೆರಳಿಟ್ಟು ತೋರಿಸಿದೆ.

ಲ್ಯಾಬಿನಲ್ಲಿ ನನ್ನನ್ನು ಬರಮಾಡಿಕೊಂಡವರು ಹಯಾಶಿ ಸಾನ್. ಮೂವತ್ತರ ಆಸುಪಾಸಿನ ಸಂಶೋಧಕಿ. ಇಂಗ್ಲಿಷಿನ ಒಂದೊಂದು ಶಬ್ದವನ್ನೂ ಪಿಂಗಾಣಿ ಬಟ್ಟಲು ಇಡುವಷ್ಟು ಜೋಪಾನವಾಗಿ ಇಡುತ್ತ ಮಾತಾಡುತ್ತಿದ್ದರು. ಮೈಗಂಟುವ ಕಪ್ಪು ಉಡುಪು ಹಾಕಿಸಿ, ಭುಜ, ಸೊಂಟ, ಮಂಡಿ, ಹರಡು ಎಲ್ಲ ಕಡೆಗೂ ಬೆಳ್ಳಿ ಬಣ್ಣದ ಪುಟ್ಟ ಗುಂಡುಗಳನ್ನು ಅಂಟಿಸಿದರು. ಹುಟ್ಟಿದಾಗಿನಿಂದ ಸೀರೆ ಚೂಡಿದಾರಗಳ ಮರೆಯಲ್ಲಿದ್ದ ನನ್ನ ಸೊಂಟ ಹೀಗೆ ಬಯಲಿಗೆ ಬಂದದ್ದಕ್ಕೆ ನಾಚಿಕೆಯಾಯಿತು. ಸುತ್ತ ಕ್ಯಾಮೆರಾಗಳು, ನೆಲದ ಹಲಗೆಗಳ ಕೆಳಗೆ ತೂಕ ಹಿಡಿಯುವ ಯಂತ್ರ.

"ಏನೂ ಯೋಚಿಸಬೇಡಿ. ಮನೆಯಲ್ಲಿ ನಡೆಯುವ ಹಾಗೆ" ಎಂದರು.

ಹತ್ತು ಸಲ ಆ ತುದಿಯಿಂದ ಈ ತುದಿಗೆ ನಡೆಯಬೇಕಿತ್ತು. ನಾನು ಮೆರವಣಿಗೆಯ ಆನೆಯಂತೆ ಗಂಭೀರವಾಗಿ ನಡೆದೆ. ನಾಲ್ಕನೆಯ ಸಲಕ್ಕೆ ಹಯಾಶಿ ಸಾನ್ ಮುಖದ ನಗು ಕಡಿಮೆಯಾಯಿತು. ಆರನೆಯ ಸಲಕ್ಕೆ ಪೂರ್ತಿ ಹೋಯಿತು.

"ಸುಮಿಮಾಸೆನ್, ಕ್ಷಮಿಸಿ... ನಿಮಗೆ ಎಲ್ಲಾದರೂ ನೋವಿದೆಯಾ?"

"ಇಲ್ಲವಲ್ಲ."

"ಹಿಂದೆ ಯಾವಾಗಲಾದರೂ ಬಿದ್ದಿದ್ದೀರಾ? ಎಡ ಸೊಂಟಕ್ಕೆ ಪೆಟ್ಟು?"

"ಇಲ್ಲ. ಯಾಕೆ?"

ಅವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕಪ್ಪು ಪರದೆಯ ಮೇಲೆ ಬಿಳಿಯ ಚುಕ್ಕಿಗಳಷ್ಟೇ ಇದ್ದವು. ಮುಖವಿಲ್ಲ, ಕೂದಲಿಲ್ಲ, ಬಟ್ಟೆಯಿಲ್ಲ, ಹೆಣ್ಣು ಗಂಡು ಎಂಬುದೂ ಇಲ್ಲ. ಚುಕ್ಕಿಗಳು ನಡೆಯತೊಡಗಿದವು. ಎಡಗಾಲು ಊರಿದಾಗ ಮೇಲಿನ ಮೈಯೆಲ್ಲ ಎಡಕ್ಕೆ ವಾಲಿ, ಪಕ್ಕದಲ್ಲಿರುವವರ ಕಿವಿಯಲ್ಲಿ ಗುಟ್ಟು ಹೇಳಿದಂತೆ ಬಾಗಿ, ಮತ್ತೆ ನೆಟ್ಟಗಾಗುತ್ತಿತ್ತು. ಮತ್ತೆ ಎಡಗಾಲು, ಮತ್ತೆ ಗುಟ್ಟು.

"ಅಪ್ಪಾ!" ಎಂದು ಕಿರುಚಿಬಿಟ್ಟೆ.

ಹಯಾಶಿ ಸಾನ್ ಬೆಚ್ಚಿ, ಯಾರಾದರೂ ಒಳಗೆ ಬಂದರೇ ಎಂದು ಬಾಗಿಲ ಕಡೆ ತಿರುಗಿ ನೋಡಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆದರೆ ಪರದೆಯ ಮೇಲೆ ನಡೆಯುತ್ತಿದ್ದದ್ದು ಅವರೇ. ಮೈಯೆಲ್ಲ ಸುಟ್ಟುಹೋಗಿ ನಡಿಗೆಯೊಂದೇ ಉಳಿದುಬಿಟ್ಟಂತೆ ಅವರು ನನ್ನ ಕಣ್ಣೆದುರಿಗೆ ಹೋಗುತ್ತಿದ್ದರು, ಬರುತ್ತಿದ್ದರು. ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತೆ. ಕೂತಾಗ ಬೆನ್ನಿಗಂಟಿಸಿದ್ದ ಒಂದು ಗುಂಡು ಕಿತ್ತು ಉರುಳಿಕೊಂಡು ಹೋಯಿತು.

ಅಪ್ಪನ ವಿಷಯ ಹೇಳಬೇಕು. ಅವರು ಮೊದಲು ಕರೆಂಟಿನ ಕಂಬ ಹತ್ತುವ ಕೆಲಸದಲ್ಲಿದ್ದವರು. ನಾನು ಹುಟ್ಟುವ ಮೊದಲೇ ಒಮ್ಮೆ ಕಂಬದಿಂದ ಬಿದ್ದು ಎಡ ಸೊಂಟ ಮುರಿಯಿತು. ಮೂಳೆ ಕೂಡಿಕೊಂಡಿತೇ ಹೊರತು ಸರಿಯಾಗಿ ಕೂಡಲಿಲ್ಲ. ಆಮೇಲೆ ಅವರನ್ನು ಮನೆಮನೆಗೆ ಹೋಗಿ ಮೀಟರ್ ಓದುವ ಕೆಲಸಕ್ಕೆ ಹಾಕಿದರು. ಕುಂಟುವ ಮನುಷ್ಯನಿಗೆ ಊರೆಲ್ಲ ನಡೆಯುವ ಕೆಲಸ! ಅಪ್ಪ ಮಾತ್ರ ಅದನ್ನು ಎಂದೂ ತಮಾಷೆಯಾಗಿಯೂ ಆಡಿಕೊಳ್ಳಲಿಲ್ಲ.

ರಜೆಯ ದಿನಗಳಲ್ಲಿ ನಾನು ಅವರ ಜೊತೆ ಹೋಗುತ್ತಿದ್ದೆ. ಅವರ ಬಲಗೈ ಹೆಗಲ ಚೀಲದ ಮೇಲೆ, ಎಡಗೈ ನನ್ನ ಕೈಯಲ್ಲಿ, ಟಾರ್ಚು ನನ್ನ ಇನ್ನೊಂದು ಕೈಯಲ್ಲಿ. ಮೀಟರುಗಳು ಯಾವಾಗಲೂ ಜೇಡರ ಬಲೆಯ ಹಿಂದೆ, ಮೆಟ್ಟಿಲ ಕೆಳಗೆ, ಭತ್ತದ ಚೀಲಗಳ ಹಿಂದೆ ಇರುತ್ತಿದ್ದವು. ನಾನು ಬೆಳಕು ಬಿಡಬೇಕು. ಅವರು, "ನಾಲ್ಕು ಏಳು ಎರಡು ಒಂಬತ್ತು" ಎನ್ನಬೇಕು. ನಾನು ಕೂಗಿ ಅದನ್ನೇ ಮತ್ತೆ ಹೇಳಬೇಕು. ಅವರು ಬರೆದುಕೊಳ್ಳಬೇಕು. ಮಜ್ಜಿಗೆ ಕೊಡುವ ಮನೆಗಳು, ಕೋಡುಬಳೆ ಕೊಡುವ ಮನೆಗಳು, ನಾಯಿ ಬಿಡುವ ಮನೆಗಳು ಎಲ್ಲ ನನಗೆ ಬಾಯಿಪಾಠವಾಗಿದ್ದವು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಅಪ್ಪ ಪ್ರತಿ ಹೆಜ್ಜೆಗೂ ನನ್ನ ಕಡೆ ಬಾಗುತ್ತಿದ್ದರು. ಅದು ಕುಂಟು ಎಂದು ನನಗೆ ಗೊತ್ತಿರಲಿಲ್ಲ. ನನ್ನ ಮೇಲಿನ ಅಕ್ಕರೆಗೆ ಬಾಗುತ್ತಾರೆ ಎಂದುಕೊಂಡಿದ್ದೆ.

ನನಗೆ ಎಂಟು ತುಂಬಿದ ವರ್ಷ ಇದ್ದಕ್ಕಿದ್ದಂತೆ, "ಇನ್ಮೇಲೆ ನೀನು ಬರೋದು ಬೇಡ" ಎಂದರು. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಅಳುತ್ತ ಹಿಂದೆ ಓಡಿದರೆ ಗದರಿ ಕಳಿಸಿದರು. ಅಷ್ಟೇ ಅಲ್ಲ, ಸಂತೆಗೋ ನೆಂಟರ ಮನೆಗೋ ಜೊತೆಗೆ ಹೋಗುವಾಗಲೂ ಕೈ ಹಿಡಿಯಲು ಬಿಡುತ್ತಿರಲಿಲ್ಲ. "ನೀನು ಮುಂದೆ ನಡಿ" ಎನ್ನುತ್ತಿದ್ದರು. ನಾನು ತಿರುಗಿ ನೋಡಿದರೆ, "ಮುಂದೆ ನೋಡ್ಕೊಂಡು ನಡಿ" ಎಂದು ಗದರುತ್ತಿದ್ದರು. ನನ್ನ ಮೇಲೆ ಅವರಿಗೆ ಬೇಸರ ಬಂದಿದೆ ಎಂದು ತೀರ್ಮಾನಿಸಿದೆ. ಆಗಲೇ ತಮ್ಮ ಹುಟ್ಟಿದ್ದರಿಂದ ಕಾರಣವೂ ಸಿಕ್ಕಿತು. ಆ ಸಿಟ್ಟು ಬೆಳೆದು ದೊಡ್ಡದಾಯಿತು. ಕೊನೆಯವರೆಗೂ ನಾನು ಅಪ್ಪನ ಜೊತೆ ಬೇಕಾದಷ್ಟೇ ಮಾತಾಡಿದೆ. ಅವರೂ ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಇದನ್ನೆಲ್ಲ ನಾನು ಹಯಾಶಿ ಸಾನ್‌ಗೆ ಆ ದಿನ ಹೇಳಲಿಲ್ಲ. ಅವರು ನೀರು ತಂದುಕೊಟ್ಟು, ಒಂದು ಹಾಳೆಯ ಮೇಲೆ ಮಕ್ಕಳು ಆಡುವ ಏತಪಾತದ, ಅಂದರೆ ಸೀಸಾದ ಚಿತ್ರ ಬರೆದರು. ನಾವು ಒಂದು ಹೆಜ್ಜೆ ಎತ್ತಿದಾಗ ಇನ್ನೊಂದು ಕಾಲಿನ ಸೊಂಟದ ಕೀಲು ಆ ಏತಪಾತದ ನಡುಗಂಬವಂತೆ. ಒಂದು ಕಡೆ ದೂರದಲ್ಲಿ ಇಡೀ ದೇಹದ ಭಾರ, ಇನ್ನೊಂದು ಕಡೆ ಬಹಳ ಹತ್ತಿರದಲ್ಲಿ ಸೊಂಟದ ಪಕ್ಕದ ಸ್ನಾಯು. ಹತ್ತಿರ ಕೂತವನು ದೂರ ಕೂತವನನ್ನು ಎತ್ತಿ ಹಿಡಿಯಬೇಕಾದರೆ ಅವನಿಗಿಂತ ಎಷ್ಟೋ ಹೆಚ್ಚು ಬಲ ಹಾಕಬೇಕು. ಎರಡೂ ಸೇರಿ ಬೀಳುವುದು ನಡುಗಂಬದ ಮೇಲೆ.

"ಸುಮ್ಮನೆ ನಡೆದರೂ ಒಂದೊಂದು ಹೆಜ್ಜೆಗೆ ನಿಮ್ಮ ತೂಕದ ಮೂರು ಪಟ್ಟಿನಷ್ಟು" ಎಂದರು.

ನನ್ನ ತೂಕ ಅರವತ್ತೊಂದು. ಮನಸ್ಸಿನಲ್ಲೇ ಗುಣಿಸಿ ದಂಗಾದೆ. ಹಾಲು ತರಲು ಹೋದಾಗಲೂ ಐವತ್ತು ಕೆಜಿಯ ಮೂರೂವರೆ ಮೂಟೆ ಅಕ್ಕಿಯನ್ನು ಒಂದು ಮೂಳೆಯ ಗುಂಡಿನ ಮೇಲೆ ಹೊತ್ತು ತಿರುಗುತ್ತಿದ್ದೆನಲ್ಲ!

"ಮೈ ಎಡಕ್ಕೆ ವಾಲಿಸಿದರೆ ಭಾರ ಕಂಬದ ಹತ್ತಿರ ಬರುತ್ತದೆ. ಸ್ನಾಯುವಿಗೆ ಕೆಲಸ ಕಡಿಮೆ. ಎಡ ಕೀಲಿಗೆ ಹೊರೆ ಇಳಿಯುತ್ತದೆ. ಆದರೆ ಅಲ್ಲಿಂದ ಮೈಯನ್ನು ಎಸೆದಂತೆ ಬಲಕ್ಕೆ ತರುತ್ತೀರಿ. ಬಲಗಾಲು ಜೋರಾಗಿ ಬೀಳುತ್ತದೆ." ಗ್ರಾಫಿನಲ್ಲಿ ಬಲಗಾಲಿನ ಗೆರೆ ಗುಡ್ಡದ ಹಾಗೆ ಎದ್ದಿತ್ತು. ಆಮೇಲೆ ಬಹಳ ಸಂಕೋಚದಿಂದ ತಲೆ ಬಗ್ಗಿಸಿ, "ಕ್ಷಮಿಸಿ, ಆರೋಗ್ಯವಂತರ ಗುಂಪಿಗೆ ನಿಮ್ಮನ್ನು ಸೇರಿಸಲು ಆಗುವುದಿಲ್ಲ" ಎಂದರು. ಸಿಹಿತಿಂಡಿಯ ಪೆಟ್ಟಿಗೆಯನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಮತ್ತೊಮ್ಮೆ ಬಾವುಟದ ಕಂಬದ ಪಕ್ಕ ನಿಂತ ಹಾಗಾಯಿತು.

ಮರುವಾರ ಮೂಳೆ ಆಸ್ಪತ್ರೆಯಲ್ಲಿ ಎಕ್ಸರೇ, ಸ್ಕ್ಯಾನು ಆಯಿತು. ಪ್ರಕಾಶ್ ಜೊತೆಗೆ ಬಂದಿದ್ದ. ವಯಸ್ಸಾದ ಡಾಕ್ಟರು ಚಿತ್ರಗಳನ್ನು ಬಹಳ ಹೊತ್ತು ನೋಡಿದರು. ಹುಟ್ಟಿನಿಂದಲೇ ಏನೋ ದೋಷವಿರಬೇಕು, ಅಪ್ಪನಿಂದ ಬಂದಿರಬೇಕು ಎಂದು ನಾನು ಸಿದ್ಧಳಾಗಿ ಕೂತಿದ್ದೆ.

"ಎಡ ಸೊಂಟ ಬಹಳ ಚೆನ್ನಾಗಿದೆ. ಯಾವ ತೊಂದರೆಯೂ ಇಲ್ಲ" ಎಂದರು ಅವರು. "ಬಲಗಡೆ ಮಾತ್ರ ಮೃದ್ವಸ್ಥಿ ಸ್ವಲ್ಪ ಸವೆಯಲು ಶುರುವಾಗಿದೆ. ಹೀಗೇ ನಡೆದರೆ ಮುಂದೆ ನೋವು ಬರಬಹುದು."

"ಹಾಗಾದ್ರೆ ಇವಳು ಯಾಕೆ ಹೀಗೆ ನಡೀತಾಳೆ?" ಎಂದು ಪ್ರಕಾಶ್ ಕೇಳಿದ.

"ನಾನೂ ಅದನ್ನೇ ಕೇಳಬೇಕೆಂದಿದ್ದೆ. ಹೀಗೆ ನಡೆಯಲು ಮೂಳೆಯಲ್ಲಿ ಕಾರಣವಿಲ್ಲ."

ಕಾರಣವಿಲ್ಲ! ನಲವತ್ತರ ಹತ್ತಿರ ಬಂದ ಹೆಂಗಸು, ಮುರಿಯದ ಸೊಂಟಕ್ಕಾಗಿ ಇಷ್ಟು ವರ್ಷ ಕುಂಟಿದ್ದೆ. ಅಪ್ಪ ಬಿದ್ದ ಕಂಬದಿಂದ ನಾನೂ ಬಿದ್ದವಳ ಹಾಗೆ ನಡೆದಿದ್ದೆ. ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಹೊರಗೆ ಬರುವಾಗ ಒಂದೊಂದು ಹೆಜ್ಜೆ ಇಡಲೂ ಹೆದರಿಕೆಯಾಗಿ ಪ್ರಕಾಶನ ತೋಳು ಹಿಡಿದುಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಇಂಚರ ಶಾಲೆಗೆ ಹೋದ ಮೇಲೆ ಅಮ್ಮನಿಗೆ ಫೋನು ಮಾಡಿದೆ. ಅವಳು ಕಡೂರಿನಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾಳೆ. ಹಿಂದಿನಿಂದ ಕುಕ್ಕರಿನ ಸದ್ದು ಕೇಳಿಸುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಅದನ್ನ ಕಂಡುಹಿಡಿಯೋಕೆ ಜಪಾನಿನವ್ರು ಬೇಕಾಯ್ತಾ? ನಿಮ್ಮಪ್ಪ ಅವತ್ತೇ ಕಂಡುಹಿಡಿದಿದ್ರಲ್ಲ" ಎಂದಳು.

"ಏನು? ಯಾವತ್ತು?"

"ನೀನು ಮೂರನೇ ಕ್ಲಾಸು. ಮಾರ್ಚ್‌ಪಾಸ್ಟಿಂದ ತೆಗೆದಿದ್ರಲ್ಲ, ಆವತ್ತು ಅವ್ರು ಸ್ಕೂಲಿನ ಮೀಟರ್ ಓದೋಕೆ ಬಂದಿದ್ರಂತೆ. ಕಾಂಪೌಂಡಿನ ಆಚೆ ನಿಂತು ನೋಡಿದ್ರಂತೆ. ಮನೆಗೆ ಬಂದು ಊಟಾನೇ ಮಾಡ್ಲಿಲ್ಲ. 'ಮಗು ನನ್ ಥರಾನೇ ನಡೀತಿದೆ ಕಣೇ, ನನ್ ಜೊತೆ ಬಂದೂ ಬಂದೂ ಹಿಂಗಾಗಿದೆ' ಅಂದ್ರು. ಇನ್ಮೇಲೆ ಅವಳ ಕಣ್ಣಿಗೆ ನನ್ ನಡಿಗೆ ಬೀಳ್ಲೇಬಾರ್ದು ಅಂತ ಹಟ ಹಿಡಿದ್ರು."

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಅದಕ್ಕೇ ನಿನ್ನ ಕರ್ಕೊಂಡು ಹೋಗೋದು ಬಿಟ್ಟಿದ್ದು" ಎಂದಳು ಅಮ್ಮ. "ಅದಕ್ಕೇ ಮುಂದೆ ನಡಿ ಮುಂದೆ ನಡಿ ಅಂತಿದ್ದಿದ್ದು. ಹಿಂದೆ ಬರ್ತಾ ನಿನ್ನ ಕಾಲೇ ನೋಡ್ತಿದ್ರು. ಮನೆಗೆ ಬಂದು, 'ಇವತ್ತು ಸ್ವಲ್ಪ ಕಮ್ಮಿ ಅನ್ನಿಸ್ತು' ಅನ್ನೋರು. ಎಲ್ಲಿ ಕಮ್ಮಿ? ಹಾಗೇ ಇತ್ತು. ನಾನೂ ಹೂಂ ಅಂತಿದ್ದೆ."

"ನನಗೆ ಯಾಕಮ್ಮ ಹೇಳ್ಲಿಲ್ಲ? ಯಾರಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳ್‌ಬೇಡ ಅಂತ ನನ್ನಿಂದ ಆಣೆ ಹಾಕಿಸ್ಕೊಂಡಿದ್ರು. ಅಪ್ಪನ ಥರ ನಡೀಬೇಡ ಅಂದ್ರೆ ಮಗೂಗೆ ಅಪ್ಪನ ಮೇಲೇ ನಾಚಿಕೆ ಹುಟ್ಟುತ್ತೆ ಅಂತ. ಸಿಟ್ಟಾದ್ರೂ ಪರವಾಗಿಲ್ಲ, ನಾಚಿಕೆ ಆಗ್ಬಾರ್ದು ಅಂದಿದ್ರು."

ಫೋನು ಇಟ್ಟೆ. ಮೂವತ್ತು ವರ್ಷ ನಾನು ಹೊತ್ತ ಸಿಟ್ಟು ಎಷ್ಟು ಮೂಟೆ ತೂಗುತ್ತಿತ್ತೋ ಅದನ್ನು ಹೇಳುವ ಯಂತ್ರ ಯಾರ ಲ್ಯಾಬಿನಲ್ಲೂ ಇಲ್ಲ. ಸಂತೆಯ ದಾರಿಯಲ್ಲಿ ಮುಖ ಗಂಟಿಕ್ಕಿಕೊಂಡು ಮುಂದೆ ಮುಂದೆ ಹೋಗುತ್ತಿದ್ದ ನನ್ನ ಹಿಂದೆ, ನನ್ನ ಹಿಮ್ಮಡಿಯನ್ನೇ ನೋಡುತ್ತ, ನೋಯುವ ಸೊಂಟ ಎಳೆದುಕೊಂಡು ಆ ಮನುಷ್ಯ ನಡೆಯುತ್ತಿದ್ದರು. ಸ್ವಲ್ಪ ಕಮ್ಮಿಯಾಗಿದೆ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಆಸ್ಪತ್ರೆಯಲ್ಲಿ ಅವರ ಕೊನೆಯ ದಿನಗಳಲ್ಲಿ ನಾನು ಔಷಧಿಯ ಚೀಟಿ ಹಿಡಿದು ಓಡಾಡುತ್ತಿದ್ದಾಗ ಅವರು ಮಂಚದಿಂದ ನನ್ನನ್ನೇ ನೋಡುತ್ತಿದ್ದದ್ದು ನೆನಪಾಯಿತು. ಮುಖ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದರು. ಆಗ ಅದು ಕೂಡ ನನಗೆ ಸಿಟ್ಟು ತರಿಸಿತ್ತು.

ಆಮೇಲೆ ನನಗೆ ಹುಟ್ಟಿದ ಭಯ ಇಂಚರಳದು. ಅವಳು ದಿನವೂ ನನ್ನ ಕೈ ಹಿಡಿದು ನಡೆಯುವವಳು. ಎರಡು ದಿನ ನಾನೂ ಅವಳಿಗೆ, "ನೀನು ಮುಂದೆ ನಡಿ" ಎಂದೆ! ಎರಡನೆಯ ದಿನ ಮಾತು ಬಾಯಿಂದ ಬಿದ್ದ ಮೇಲೆ ಬೆಚ್ಚಿದೆ. "ದೋಶಿತೆ?" ಎಂದಳು ಅವಳು. ಯಾಕೆ ಎಂದು. ನಾನು ಎಂಟು ವರ್ಷದವಳಾಗಿ ಕೇಳಿದ್ದ ಪ್ರಶ್ನೆಯೇ ಅದು. ಅವಳನ್ನು ಪಕ್ಕಕ್ಕೆ ಕರೆದು, ಕೈ ಹಿಡಿದುಕೊಂಡು, ಅಜ್ಜನ ಕಂಬ, ಅಜ್ಜನ ಸೊಂಟ, ಅಜ್ಜನ ಹೆಗಲ ಚೀಲ, ನನ್ನ ಕಾಲು ಎಲ್ಲ ಹೇಳಿದೆ. ಮನೆ ಬರುವವರೆಗೂ ಹೇಳಿದೆ.

ಹಯಾಶಿ ಸಾನ್ ಬಳಿಗೆ ಅವಳನ್ನು ಕರೆದುಕೊಂಡು ಹೋದೆ. ಅವರು ತಮ್ಮ ಊಟದ ವೇಳೆಯಲ್ಲಿ ಅವಳ ಮೈಗೂ ಗುಂಡುಗಳನ್ನು ಅಂಟಿಸಿ ನಡೆಸಿ ನೋಡಿದರು. ಗೆರೆಗಳು ಎರಡೂ ಕಡೆ ಸಮನಾಗಿ ಬಂದವು. ಅವಳು ತನ್ನ ಶಾಲೆಯ ಮಕ್ಕಳ ಹಾಗೆಯೇ ನಡೆಯುತ್ತಿದ್ದಳು. ನನಗೆ ನೆಮ್ಮದಿಯಾಯಿತು. ಆಗ ಅವರಿಗೆ ಅಪ್ಪನ ಕತೆ ಹೇಳಿದೆ. ಅವರು ಪರದೆಯ ಮೇಲೆ ನನ್ನ ಹಳೆಯ ಚುಕ್ಕಿಗಳನ್ನು ನಡೆಸಿದರು.

"ನಿಮಗೆ ಇದು ತಪ್ಪು ನಡಿಗೆ. ನಿಮ್ಮ ತಂದೆಗೆ ಇದು ಸರಿಯಾದ ನಡಿಗೆ" ಎಂದರು. "ಮುರಿದ ಕೀಲಿನ ಮೇಲೆ ಹೊರೆ ಬೀಳದ ಹಾಗೆ ಅವರೇ ಕಂಡುಕೊಂಡಿದ್ದಾರೆ. ನಾವಾಗಿದ್ದರೂ ಅವರಿಗೆ ಇದನ್ನೇ ಹೇಳಿಕೊಡುತ್ತಿದ್ದೆವು."

ನಾವೆಲ್ಲ ಕುಂಟು ಎನ್ನುತ್ತಿದ್ದದ್ದು ಒಂದು ಜಾಣತನ ಎಂದು ತಿಳಿಯಲು ನನಗೆ ಇಷ್ಟು ದೂರ ಬರಬೇಕಾಯಿತು.

ಐದು ತಿಂಗಳು ವ್ಯಾಯಾಮ ಮಾಡಿದೆ. ನೆಟ್ಟಗೆ ನಡೆಯುವುದು ಇಷ್ಟು ಕಷ್ಟವೆಂದು ಯಾರೂ ನನಗೆ ಹೇಳಿರಲಿಲ್ಲ. ಕನ್ನಡಿಯಲ್ಲಿ ನೆಟ್ಟಗಿದ್ದರೆ ಮನಸ್ಸಿಗೆ ಬಲಕ್ಕೆ ಬೀಳುತ್ತಿರುವಂತೆ ಅನ್ನಿಸುತ್ತಿತ್ತು. ಸೂಪರ್‌ಮಾರ್ಕೆಟ್ಟಿನ ಸಾಲುಗಳ ನಡುವೆ ತುಟಿಯಲ್ಲೇ ಎಣಿಸುತ್ತ ನಡೆಯುತ್ತಿದ್ದ ನನ್ನನ್ನು ನೋಡಿ ಒಬ್ಬ ಅಜ್ಜಿ ದಾರಿ ಬಿಟ್ಟು ನಿಂತು ನಮಸ್ಕಾರ ಮಾಡಿದರು. ಮಂತ್ರ ಹೇಳುತ್ತಿದ್ದೇನೆ ಎಂದುಕೊಂಡರೋ ಏನೋ. ಕೊನೆಗೆ ಒಂದು ದಿನ ಪ್ರಕಾಶ್ ಬಸ್ ಸ್ಟಾಪಿನಲ್ಲಿ ನಾನು ಎದುರಿಗೆ ಬಂದು ನಿಲ್ಲುವವರೆಗೂ ಗುರುತು ಹಿಡಿಯಲಿಲ್ಲ. "ನೀನಾ!" ಎಂದು ಬೆಚ್ಚಿದ. ಆಗ ನಂಬಿಕೆ ಬಂತು.

ಆ ಭಾನುವಾರ ಮಧ್ಯಾಹ್ನ ಅಮ್ಮ ವೀಡಿಯೋ ಕಾಲಿನಲ್ಲಿ ಸಿಕ್ಕಳು. ಕಡೂರಿನ ಮನೆಯ ಕುರ್ಚಿಯಲ್ಲಿ ಕೂತು, "ಎಲ್ಲಿ, ನಡೆದು ತೋರಿಸು" ಎಂದಳು. ಪ್ರಕಾಶ್ ಫೋನು ಹಿಡಿದ. ನಾನು ಅಡುಗೆಮನೆಯ ಬಾಗಿಲಿಂದ ಕಿಟಕಿಯವರೆಗೆ ನಡೆದೆ.

"ಚೆನ್ನಾಗಿದೆ" ಎಂದಳು ಅಮ್ಮ. ಆಮೇಲೆ ಬೇರೆಲ್ಲೋ ನೋಡುತ್ತ, "ಒಂದ್ಸಲ ಅವ್ರ ಥರ ನಡಿಯೇ" ಎಂದಳು.

ನಡೆದೆ. ಅದು ಬರಲಿಲ್ಲ. ಎಡಕ್ಕೆ ವಾಲಿದೆ, ವಾಲಿಕೆ ಬಂತು, ಅಪ್ಪ ಬರಲಿಲ್ಲ. "ಹಂಗಲ್ಲ" ಎಂದಳು ಅಮ್ಮ. ಮತ್ತೆ ನಡೆದೆ. "ಹಂಗಲ್ಲ ಬಿಡು" ಎಂದಳು. ಚಿಕ್ಕಂದಿನಿಂದ ಬಂದ ನಡಿಗೆಯನ್ನು ಐದು ತಿಂಗಳಲ್ಲಿ ಎಲ್ಲೋ ಕಳೆದು ಬಂದಿದ್ದೆ. ನಾನು ದಂಗಾಗಿ ನಡುಮನೆಯ ಮಧ್ಯೆ ನಿಂತುಬಿಟ್ಟೆ.

ಸೋಫಾದ ಮೇಲೆ ಬಣ್ಣ ಹಚ್ಚುತ್ತ ಕೂತಿದ್ದ ಇಂಚರ ಎದ್ದಳು. ಅವಳು ಹುಟ್ಟುವ ಮೊದಲೇ ಹೋದ ಅಜ್ಜನನ್ನು ಅವಳು ಕಂಡಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ, ಬಲಗೈಯನ್ನು ಹೆಗಲ ಚೀಲ ಹಿಡಿದಂತೆ ಎತ್ತಿಕೊಂಡು, ಎಡಗಾಲು ಊರಿ, ಪಕ್ಕದಲ್ಲಿ ಯಾರದೋ ಕೈ ಹಿಡಿದಿರುವಂತೆ ಮೆಲ್ಲಗೆ ಬಾಗಿ, ನೆಟ್ಟಗಾಗಿ, ಮತ್ತೆ ಬಾಗಿ, ಕಿಟಕಿಯವರೆಗೂ ನಡೆದಳು.

"ಕೋ? ಅಜ್ಜೀ, ಹೀಗಾ?" ಎಂದಳು.

ಅಮ್ಮ ದಿಗ್ಗನೆ ಕುರ್ಚಿಯಿಂದ ಎದ್ದಳು. ಫೋನು ಅವಳ ಕೈಯಿಂದ ಜಾರಿತು. ಪರದೆಯ ತುಂಬ ಕಡೂರಿನ ಮನೆಯ ಫ್ಯಾನು ತಿರುಗುವುದಷ್ಟೇ ಕಾಣುತ್ತಿತ್ತು.

"ಅಮ್ಮಾ? ಅಮ್ಮಾ?" ಎಂದು ಕೂಗಿದೆ.

ಎಷ್ಟೋ ಹೊತ್ತಿನ ಮೇಲೆ, ಫ್ಯಾನಿನ ಆಚೆ ಎಲ್ಲಿಂದಲೋ ಅವಳ ಧ್ವನಿ ಬಂತು.

"ಇನ್ನೊಂದ್ಸಲ ನಡಿಯೋಕೆ ಹೇಳೇ ಮಗೂಗೆ."